ಎರವಲಿನ ಚಿತ್ರ

ಗದಗಿನ ವೀರನಾರಾಯಣ ಗುಡಿಯೆದುರು, ಪಕ್ಷವೊಂದರ ಪ್ರಚಾರಚಿತ್ರವನ್ನು ನಿರ್ಮಿಸುತ್ತಿದ್ದ ತರುಣನನ್ನು ಮಾಸ್ತರರು ಕೇಳಿದರು:

“ಈ ಸಂಗೀತ ಯಾರದಪ್ಪಾ?”

“ಮಂದೀದ್ರೀ, ಸರ. ಯೂಟ್ಯೂಬಿನ್ಯಾಗಿತ್ತು.”

“2022ರಲ್ಲಿ ಭಾರತ ಜೋಡೋ ಯಾತ್ರೆಯ ವಿಡಿಯೋಗಳಿಗೆ ಕೆ.ಜಿ.ಎಫ್. 2ರ ಸಂಗೀತವನ್ನು ಬಳಸಿದರೆಂದು ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆಯು ದೂರಲು, ಬೆಂಗಳೂರಿನ ನ್ಯಾಯಾಲಯವು ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಆಜ್ಞಾಪಿಸಿದುದೂ, ಆ ವಿಡಿಯೋಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿದುದೂ ನಿನಗೆ ತಿಳಿಯದೋ?”

“ಹಂಗಾದ್ರ ನಮ್ಮೂರ ಹುಯಿಲಗೋಳ ನಾರಾಯಣರಾಯರ ಹಾಡು ಹಾಕ್ತೀನ್ರೀ, ತೀರಿಕೊಂಡವ್ರು ಕೋರ್ಟಿಗೆ ಬರೂದಿಲ್ಲ.”

(ಗತಿಸಿದ ಕವಿಯಷ್ಟು ಅಗ್ಗದ ಕಾರ್ಯಕರ್ತನು ಯಾವ ಪಕ್ಷಕ್ಕೂ ದೊರೆಯನು.)

“ಅವರು ತೀರಿಕೊಂಡದ್ದು 1971ರಲ್ಲಿ, ಹಕ್ಕು ಮುಂದಿನ 60 ವರ್ಷ, ಎಂದರೆ 2031ರ ಕೊನೆಯವರೆಗೆ.”

“ಕುಮಾರವ್ಯಾಸ ನಡೀತಾನೇನ್ರೀ?”

“ಧಾರಾಳವಾಗಿ. ಹೆಸರು ಮಾತ್ರ ಹಾಕು.”

ಚಿತ್ರವೀಗ ಶಿರಹಟ್ಟಿ, ಮುಂಡರಗಿಗಳಲ್ಲಿ ಓಡುತ್ತಿದೆ; ಹೆಸರುಗಳ ಪಟ್ಟಿಯಲ್ಲಿ ಚಹಾ ತಂದವನಿದ್ದಾನೆ, ಕವಿಯಿಲ್ಲ.