ಕಿಂಡಿ ತೆರೆದರೂ ಕಷ್ಟ, ಮುಚ್ಚಿದರೂ ಕಷ್ಟ

ಲೆನ್ಸಿನ ಅಪರ್ಚರನ್ನು ಪೂರ್ತಿ ತೆರೆದರೆ ಬೆಳಕು ಧಾರಾಳ, ಸ್ಪಷ್ಟತೆಗೆ ಮಾತ್ರ ಬರ. ಎಫ್/1.4ರಂಥ ಅಗಲ ಕಿಂಡಿಯಲ್ಲಿ ಗಾಜಿನ ಅಂಚಿನಿಂದ ನುಗ್ಗುವ ಕಿರಣಗಳು ನಡುವಿನ ಕಿರಣಗಳ ಜೊತೆ ಒಂದೇ ಬಿಂದುವಿನಲ್ಲಿ ಕೂಡಲು ಒಪ್ಪುವುದಿಲ್ಲ. ಚಿತ್ರ ಮೆತ್ತಗಾಗುತ್ತದೆ, ಮೂಲೆಗಳಂತೂ ಇನ್ನೂ ಮೆತ್ತಗೆ. ಫೋಕಸ್ಸಿನ ಆಳವೂ ತೀರಾ ಕಡಿಮೆ. ಮದುವೆ ವಿಡಿಯೋದಲ್ಲಿ ವಧುವಿನ ಮೂಗುತಿ ಫಳಫಳ ಎಂದರೆ ಜುಮುಕಿ ಮಸುಕು. ಆಕೆ ತಾಳಿಗೆಂದು ತುಸು ಬಾಗಿದರೆ ಮೂಗುತಿಯೂ ಹೋಯಿತು. ಫೋಟೋ ಆದರೆ ಇನ್ನೊಂದು ತೆಗೆಯಬಹುದು, ತಾಳಿಯನ್ನು ಇನ್ನೊಮ್ಮೆ ಕಟ್ಟಿಸಲಾಗದು. 1975ರ 'ಬ್ಯಾರಿ ಲಿಂಡನ್'ನಲ್ಲಿ ಸ್ಟಾನ್ಲಿ ಕುಬ್ರಿಕ್ ಮೇಣದಬತ್ತಿಯ ಬೆಳಕಿಗೆಂದು ಎಫ್/0.7ರ ಝೈಸ್ ಲೆನ್ಸ್ ಬಳಸಿದಾಗ, ನಟರು ಹೆಚ್ಚು ಅಲುಗಾಡದೆ ಕೂರಬೇಕಾಯಿತು. ಕುಬ್ರಿಕ್ ಹೇಳಿದರೆ ಕೂರುತ್ತಾರೆ, ಬೀಗರು ಕೂರುವುದಿಲ್ಲ.

ಎಫ್/1.4ರಿಂದ ಮೂರು ನಾಲ್ಕು ಸ್ಟಾಪ್ ಕಿರಿದು ಮಾಡಿದರೆ, ಅಂದರೆ ಎಫ್/4, 5.6ರ ಸುಮಾರಿಗೆ, ಬಹುತೇಕ ಲೆನ್ಸುಗಳು ತಮ್ಮ ಅತ್ಯುತ್ತಮ ನಡತೆ ತೋರಿಸುತ್ತವೆ. ಇನ್ನೂ ಕಿರಿದಾದರೆ ಇನ್ನೂ ಚೆನ್ನ ಎಂಬುದು ದುರಾಸೆ. ಎಫ್/16, 22ರ ಸಣ್ಣ ರಂಧ್ರದಲ್ಲಿ ಬೆಳಕು ವಿವರ್ತನೆಗೊಂಡು ಹರಡುತ್ತದೆ, ಇಡೀ ಚಿತ್ರ ಮಂಕಾಗುತ್ತದೆ. 4ಕೆ ಚೌಕಟ್ಟಿನಲ್ಲಿರುವುದು ಸುಮಾರು 83 ಲಕ್ಷ ಪಿಕ್ಸೆಲ್ ಮಾತ್ರವಾದ್ದರಿಂದ, ದೊಡ್ಡ ಫೋಟೋದಲ್ಲಿ ಕಾಣುವ ಈ ದೋಷ ವಿಡಿಯೋದಲ್ಲಿ ಒಂದಿಷ್ಟು ಮುಚ್ಚಿಹೋಗುತ್ತದೆ.

ಆದರೂ ಜನ ಎಫ್/22ಕ್ಕೆ ಓಡುವುದು ಬಿಸಿಲಿನ ಕಾಟಕ್ಕೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋಗೆ ಶಟರ್ ವೇಗ 1/50 ಸೆಕೆಂಡ್ ಇರಬೇಕೆಂಬುದು ರೂಢಿ. ನಡುಮಧ್ಯಾಹ್ನ ಅದು ಬೆಳಕಿನ ಪ್ರವಾಹ. ಆಗ ಕಿಂಡಿ ಮುಚ್ಚುವ ಬದಲು ಲೆನ್ಸಿಗೆ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಕನ್ನಡಕ ತೊಡಿಸುವುದು ಜಾಣತನ.