ಗ್ರಾಂ ರಾಯರ ಹೊಸ ದಾರಿ

ನಮ್ಮ ಬೀದಿಯಲ್ಲಿ ರಾಯರೇ ಅಂದರೆ ಮೂವರು ತಿರುಗಿ ನೋಡುತ್ತಾರೆ. ಗ್ರಾಂ ರಾಯರು ಮಾತ್ರ ಒಬ್ಬರೇ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಪೈಸೆಗೆ ಪೈಸೆ ಹೊಂದಿಸಿ ನಿವೃತ್ತರಾದರು. ಆಮೇಲೆ ಹೊಂದಿಸೋದಕ್ಕೆ ಏನೂ ಉಳಿಯದೆ ಸೈಕಲ್ ಕೊಂಡರು. ಬೆಂಗಳೂರಿನ ಬಡಾವಣೆಗೊಬ್ಬರಂತೆ ಇಂಥವರು ಈಗ ಸಿಗುತ್ತಾರೆ. ಸೈಕಲ್ಲಿನ ಬೆಲೆ ಎಷ್ಟು ಕೇಳಿದರೂ ಬಾಯಿ ಬಿಡುವುದಿಲ್ಲ, ಅದು ಮನೆಯಾಕೆಗೂ ಗೊತ್ತಿಲ್ಲದ ಗುಟ್ಟು. ತೂಕವನ್ನು ಮಾತ್ರ ಕೇಳದೆಯೇ ಹೇಳುತ್ತಾರೆ.

ಕೊಂಡಾಗ ರಾಯರ ಸೈಕಲ್ 10 ಕೆಜಿ 140 ಗ್ರಾಂ ಇತ್ತು. ಸ್ಟ್ಯಾಂಡ್ ಬಿಚ್ಚಿದರು, ಬೆಲ್ ಬಿಚ್ಚಿದರು, ಮಡ್‌ಗಾರ್ಡ್ ಬಿಚ್ಚಿದರು. ಕಬ್ಬಿಣದ ಬೋಲ್ಟು ತೆಗೆಸಿ ಟೈಟೇನಿಯಂ ಬೋಲ್ಟು ಹಾಕಿಸಿದರು; 18 ಗ್ರಾಂ ಉಳಿತಾಯವಾಯಿತಂತೆ. ಲಗೇಜು ತೂಗುವ ಕೊಕ್ಕೆ ತಕ್ಕಡಿಯೊಂದು ಅವರ ವರಾಂಡದ ಗ್ರಿಲ್‌ನಲ್ಲಿ ಸದಾ ನೇತಾಡುತ್ತಿರುತ್ತದೆ. ಪ್ರತಿ ಭಾನುವಾರ ಸೈಕಲ್ಲನ್ನು ಅದಕ್ಕೆ ಏರಿಸಿ, ಕನ್ನಡಕ ಹಣೆಗೆ ತಳ್ಳಿ ಅಂಕಿ ಓದುತ್ತಾರೆ. ರೇಸ್ ಸೈಕಲ್ಲು 6.8 ಕೆಜಿಗಿಂತ ಹಗುರ ಇರಕೂಡದು ಅಂತ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮವಿದೆ. ರಾಯರದು ಇನ್ನೂ 9 ಕೆಜಿ 320 ಗ್ರಾಂನಲ್ಲಿದೆ. ಆದರೂ ಆ ನಿಯಮ ತಮ್ಮ ದಾರಿಗೆ ಅಡ್ಡ ಬರಲೆಂದೇ ಮಾಡಿದ್ದು ಅಂತ ಅವರಿಗೆ ಗುಮಾನಿ. ಸ್ವಂತ ತೂಕ 87 ಕೆಜಿ. ಅದು ಬೇರೆ ಖಾತೆ.

ಡಿಸೆಂಬರ್ ಕೊನೆಯ ವಾರ ಗೇಟಿನ ಹತ್ತಿರ ನಿಂತು ಕೂಗಿದರು. "ಹೊಸ ಟ್ರೇಲ್ ಹಿಡಿದಿದ್ದೀನಿ ಸ್ವಾಮಿ! ದೊಡ್ಡ ಆಲದ ಮರ ದಾಟಿದ ಮೇಲೆ ಮಂಚನಬೆಲೆ ಕಡೆಗೆ ಒಂದು ಮಣ್ಣುದಾರಿ. ಮ್ಯಾಪಲ್ಲಿ ಬರೀ ಚುಕ್ಕಿ ಚುಕ್ಕಿ. ನಾಳೆ ಬೆಳಿಗ್ಗೆ ಐದಕ್ಕೆ ಹೊರಟುಬಿಡೋಣ."

ಬೆಳಿಗ್ಗೆ ಐದಕ್ಕೆ ರಾಯರು ಎದ್ದಿದ್ದು ನಿಜ. ಆದರೆ ಅದು ಧನುರ್ಮಾಸ. ಐದೂವರೆಗೆ ದೇವಸ್ಥಾನದಲ್ಲಿ ಹುಗ್ಗಿ. ಎರಡು ದೊನ್ನೆ ಪ್ರಸಾದ ಮುಗಿಸಿ, ಕಣ್ಣೆಳೆಯಿತೆಂದು ಮಲಗಿ, ಎದ್ದು ಊಟ ಮಾಡಿ, ನಾವು ಕೆಂಗೇರಿ ಬಿಟ್ಟಾಗ ಮಧ್ಯಾಹ್ನ ಎರಡು ಗಂಟೆ. "ಚಳಿಗಾಲದ ಬಿಸಿಲೇ ಒಳ್ಳೇದು, ವಿಟಮಿನ್ ಡಿ" ಅಂದರು.

ನನ್ನದು ಅಟ್ಲಾಸ್. ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆಗೆ ಬೀಗ ಬಿದ್ದಿದ್ದು 2020ರ ಜೂನ್ 3ರಂದು, ಸಾಕ್ಷಾತ್ ವಿಶ್ವ ಸೈಕಲ್ ದಿನದಂದೇ. ತವರು ಕಳೆದುಕೊಂಡ ಸೈಕಲ್ಲು ಅಂತ ನನಗೆ ಅದರ ಮೇಲೆ ಸ್ವಲ್ಪ ಹೆಚ್ಚೇ ಮಮತೆ. ಕ್ಯಾರಿಯರ್, ಸ್ಟ್ಯಾಂಡ್, ಬೆಲ್, ಚೈನ್ ಕವರ್, ಡೈನಮೊ ಎಲ್ಲ ಮೈಮೇಲಿದೆ, ಮದುವೆಮನೆಗೆ ಹೊರಟ ದೊಡ್ಡಮ್ಮನ ಹಾಗೆ. ಅದನ್ನು ತೂಗಿ ನೋಡಿ ಅಂತ ಒಮ್ಮೆ ಕೇಳಿದ್ದೆ. "ಬೇಡ ಸ್ವಾಮಿ, ತಕ್ಕಡಿ ಹಾಳಾಗುತ್ತೆ" ಅಂದಿದ್ದರು.

ದೊಡ್ಡ ಆಲದ ಮರದ ಕೆಳಗೆ ನೀರು ಕುಡಿಯಲು ನಿಂತೆವು. ನಾನೂರು ವರ್ಷದ್ದು ಅನ್ನುವ ಆ ಮರ ಸುಮಾರು 3 ಎಕರೆ ಹಬ್ಬಿದೆ. ಮೂಲ ಕಾಂಡ ರೋಗ ಬಂದು ಎಂದೋ ಹೋಯಿತು; ಬಿಳಲುಗಳೇ ನೆಲ ಕಚ್ಚಿ ಕಾಂಡಗಳಾಗಿ ನಿಂತಿವೆ. ನಾನು ಸುಮ್ಮನೆ ನೋಡುತ್ತಿದ್ದೆ. ರಾಯರು, "ನೋಡಿದ್ರಾ, ಅಷ್ಟು ಭಾರ ತೆಗೆದರೂ ನಿಂತಿದೆ" ಅಂದರು.

ಮಣ್ಣುದಾರಿ ಸಿಕ್ಕಿದ್ದು ನಿಜಕ್ಕೂ ಚೆನ್ನಾಗಿತ್ತು, ಆ ಮಟ್ಟಿಗೆ ಅವರನ್ನು ಮೆಚ್ಚಬೇಕು. ಎರಡೂ ಕಡೆ ಲಂಟಾನ, ಕೊಯ್ಲಾದ ರಾಗಿ ಹೊಲದ ಕೂಳೆ, ಅಲ್ಲಲ್ಲಿ ಮೆದೆ, ದೂರದಲ್ಲಿ ಬೋಳುತಲೆಯ ಸಾವನದುರ್ಗ. ಮೂರೂವರೆಯ ಬಿಸಿಲು ಕಾಯಿಸಿದ ಹಾಲಿನ ಕೆನೆಯ ಹಾಗೆ ಬೆನ್ನ ಮೇಲೆ ಕೂತಿತ್ತು. ರಾಯರ ಕಣ್ಣು ಮಾತ್ರ ಹ್ಯಾಂಡಲ್ಲಿನ ಪುಟ್ಟ ಪರದೆಯ ಮೇಲೆ. "1226 ಮೀಟರು" ಅಂದರು. ಸಾವನದುರ್ಗವನ್ನು ಅವರು ನೋಡಿದ್ದು ಅಷ್ಟೇ.

ಮಣ್ಣುದಾರಿ ಒಂದು ಊರಿನ ಡಾಂಬರು ರಸ್ತೆಗೆ ಕೂಡಿತು. ಡಾಂಬರು ಅಂತ ಊಹೆ, ಏಕೆಂದರೆ ಅದು ಕಾಣುತ್ತಿರಲಿಲ್ಲ. ರಸ್ತೆಯ ಉದ್ದಕ್ಕೂ ಹುರುಳಿ ಗಿಡ ಹರವಿದ್ದರು. ಬಸ್ಸು, ಟ್ರ್ಯಾಕ್ಟರು ಹಾದುಹೋಗಿ ಒಕ್ಕಣೆ ಮಾಡಿಕೊಡಲಿ ಅಂತ. ಬೆಲ್ ಇಲ್ಲದ ರಾಯರು "ಸೈಡ್! ಸೈಡ್!" ಅಂತ ಹುರುಳಿಗೇ ಕೂಗುತ್ತಾ ನುಗ್ಗಿದರು. ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಿನ ಗೇರಿಗೆ ಬಳ್ಳಿ ಸುತ್ತಿಕೊಂಡು ಚಕ್ರ ಕಚ್ಚಿಕೊಂಡಿತು. ರಾಯರು ಪಕ್ಕದ ಸೊಪ್ಪಿನ ಗುಡ್ಡೆ ಮೇಲೆ ಮೆತ್ತಗೆ ಕೂತರು. ಬಿದ್ದರು ಅಂದರೆ ಅವರಿಗೆ ಬೇಜಾರಾಗುತ್ತದೆ.

ಮರದ ನೆರಳಿನಿಂದ ಅಜ್ಜನೊಬ್ಬ ಎದ್ದು ಬಂದ. ಬೈಗುಳಕ್ಕೆ ನಾನು ಸಿದ್ಧನಾದೆ. ಅವನು ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿ ನೋಡಿ, "ಇದೇನ್ ಸ್ವಾಮಿ, ತೂಕನೇ ಇಲ್ವಲ್ಲ? ನೀವು ಓಡ್ಸಿದ್ ಕಡೆ ಒಂದ್ ಕಾಯೂ ಒಡ್ದಿಲ್ಲ" ಅಂದ. ಆಮೇಲೆ ನನ್ನ ಅಟ್ಲಾಸ್ ಕಡೆ ತಿರುಗಿ, "ಈ ಗಾಡಿ ವಸಿ ವಾಸಿ. ನೀವು ಇನ್ನೊಂದೆರಡ್ ಸುತ್ತು ಹೊಡೀರಿ ಬುದ್ಧಿ" ಅಂದ.

9 ಕೆಜಿ 320 ಗ್ರಾಂಗೆ ಇಳಿಸಲು ಎರಡು ವರ್ಷ ಒದ್ದಾಡಿದ ಮನುಷ್ಯನ ಮುಖ ನಾನು ನೋಡಲಿಲ್ಲ. ಹುರುಳಿ ಮೇಲೆ ಎರಡು ಸುತ್ತು ಹೊಡೆಯುತ್ತಿದ್ದೆ.

ಬಿಡಿಸಲು ನಿಲ್ಲಿಸೋಣವೆಂದರೆ ಸ್ಟ್ಯಾಂಡಿಲ್ಲ. ರಾಯರು ಸೈಕಲ್ ಹಿಡಿದು ನಿಂತರು, ಅಜ್ಜ ಕುಕ್ಕರುಗಾಲಲ್ಲಿ ಕೂತು ಬಳ್ಳಿಯನ್ನು ಎಳೆ ಎಳೆಯಾಗಿ ಬಿಡಿಸಿದ. ಹಲ್ಲುಚಕ್ರಗಳ ನಡುವೆ ಸಿಕ್ಕಿದ್ದ ಏಳೆಂಟು ಕಾಯನ್ನೂ ಉಗುರಿನಿಂದ ಮೀಟಿ ತೆಗೆದು, ಅಂಗೈಯಲ್ಲಿ ಉಜ್ಜಿ, ಉಫ್ ಅಂತ ಊದಿ, ಕಾಳನ್ನು ರಾಶಿಗೆ ಸೇರಿಸಿದ. ರಾಯರು ಅದನ್ನು ರೆಪ್ಪೆ ಬಡಿಯದೆ ನೋಡಿದರು. ತಮ್ಮವನೊಬ್ಬ ಸಿಕ್ಕ ಅನ್ನಿಸಿರಬೇಕು.

ಆ ಖುಷಿಯಲ್ಲೇ ಪಕ್ಕದಲ್ಲಿ ಗೋಣಿ ಬಿಚ್ಚಿಕೊಂಡು ಕೂತಿದ್ದ ಅಜ್ಜಿಯ ಹತ್ತಿರ 5 ಕೆಜಿ ಅವರೆಕಾಯಿ ತೂಗಿಸಿದರು. ಮಂಜು ಕುಡಿದ ಮಾಗಡಿ ಸೀಮೆಯ ಅವರೆ; ಮುಟ್ಟಿದರೆ ಬೆರಳಿಗೆ ಸೊಗಡು ಅಂಟುತ್ತಿತ್ತು. ದುಡ್ಡು ಕೊಟ್ಟ ಮೇಲೆ ನೆನಪಾಯಿತು, ಕ್ಯಾರಿಯರ್ ಇಲ್ಲ. ಚೀಲ ಅಟ್ಲಾಸ್ ಏರಿತು. ಅಜ್ಜ ಹಳೇ ಟ್ಯೂಬಿನಿಂದ ಬಿಗಿದು ಕಟ್ಟಿಕೊಟ್ಟ.

ಆರು ಕಳೆಯುವ ಹೊತ್ತಿಗೆ ಕತ್ತಲು. ರಾಯರ ದೀಪ 62 ಗ್ರಾಂ ತೂಗುತ್ತದೆಂದು ಮನೆಯಲ್ಲೇ ಇತ್ತು. ನಾನು ಡೈನಮೊ ಒತ್ತಿದೆ. ಅದು ಗುರ್ರೆನ್ನುತ್ತಾ ಹಳದಿ ಬೆಳಕು ಚೆಲ್ಲಿತು. 1 ಕೋಟಿ ಕೊಟ್ಟರೂ ಅಟ್ಲಾಸ್ ಹಿಂದೆ ಹೋಗುವುದಿಲ್ಲ ಎನ್ನುತ್ತಿದ್ದವರು ಕೆಂಗೇರಿವರೆಗೂ ಅವರೆ ಚೀಲದ ನೆರಳಲ್ಲೇ ಬಂದರು.

ಮನೆ ಸೇರಿದ್ದೇ ಚೀಲವನ್ನು ಕೊಕ್ಕೆಗೆ ಸಿಕ್ಕಿಸಿದರು. "5 ಕೆಜಿ 410 ಗ್ರಾಂ! ಲೆಕ್ಕ ತಪ್ಪಿದೆ ಸ್ವಾಮಿ, ಪಾಪ, ವಾಪಸು ಹೋಗಿ ಕೊಡಬೇಕು."

"ಅದು ಕೊಸರು ರಾಯರೇ. ಅಜ್ಜಿ ಎರಡು ಬೊಗಸೆ ಹಾಕಿದ್ದು ನೋಡಲಿಲ್ವಾ?"

ಕೊಸರನ್ನು ಯಾವ ಖಾತೆಗೆ ಬರೆಯುವುದೆಂದು ರಾಯರು ಯೋಚಿಸುತ್ತಿರುವಾಗ ಅವರ ಮನೆಯಾಕೆ ಬಾಗಿಲಿಗೆ ಬಂದರು. ಚೀಲ ನೋಡಿದರು, ಗಂಡನನ್ನು ನೋಡಿದರು, ಒಳಗೆ ಹೋಗಿ ಮೊರ ತಂದು ಮುಂದೆ ಇಟ್ಟರು.

"ಎಲ್ಲ ಸುಲಿದು, ನೆನೆಸಿ, ಹಿಸುಕಿ ಆದಮೇಲೆ ಇನ್ನೊಂದ್ಸಲ ತೂಗಿ. ಎಷ್ಟು ಗ್ರಾಂ ಇಳೀತು ಅಂತ ನನಗೂ ಹೇಳಿ."