ಅರ್ಜಿ ಇದ್ದಂತೆ ಆದಾಯ: ಮಿತಿಯ ಕೆಳಗಿನ ಬಾಳಿಗೊಂದು ಭಾಷ್ಯ

ಕಲಬುರಗಿ ಜಿಲ್ಲೆಯ ಮರತೂರಿನ ವಿಜ್ಞಾನೇಶ್ವರ ಮಿತಾಕ್ಷರಾ ಎಂಬ ಧರ್ಮಶಾಸ್ತ್ರ ಗ್ರಂಥ ಬರೆದು ಸುಮಾರು ಒಂಬೈನೂರು ವರ್ಷವಾಯಿತು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕೂತು, ಅವಿಭಕ್ತ ಕುಟುಂಬದಲ್ಲಿ ಯಾರ ಪಾಲು ಎಷ್ಟೆಂದು ಆ ಮಹನೀಯ ಕೂದಲು ಸೀಳಿದ. ಆದರೆ ಆ ಕುಟುಂಬದ ವಾರ್ಷಿಕ ಆದಾಯವೆಷ್ಟು ಎಂಬ ಮಾತಿಗೆ ಬಾಯಿ ಬಿಡಲಿಲ್ಲ. ಗ್ರಂಥದ ಈ ಲೋಪವನ್ನು ಅದೇ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅರ್ಜಿದಾರರು ತುಂಬಿಕೊಟ್ಟಿದ್ದಾರೆ. ಅವರ ಶಾಸ್ತ್ರಕ್ಕೆ ಸೂತ್ರ ಒಂದೇ: ಅರ್ಜಿ ಇದ್ದಂತೆ ಆದಾಯ.

ಭಾಷ್ಯ ಹೀಗೆ. ಸಂಧ್ಯಾ ಸುರಕ್ಷಾದಂಥ ಪಿಂಚಣಿಗೆ ವರಮಾನದ ಮಿತಿ ವರ್ಷಕ್ಕೆ 32,000 ರೂಪಾಯಿ. ಬಿಪಿಎಲ್ ಕಾರ್ಡಿಗೆ 1.20 ಲಕ್ಷ. ಪರಿಶಿಷ್ಟರ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ 2.5 ಲಕ್ಷ. ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಾತಿಗೆ 8 ಲಕ್ಷ. ಬಡತನ ಹೀಗೆ ಚತುರ್ವಿಧವಾಗಿದ್ದು, ಪ್ರತಿಯೊಂದಕ್ಕೂ ಬೇರೆ ಎತ್ತರದ ತೊಲೆಬಾಗಿಲಿದೆ. ತಲೆ ಎಷ್ಟು ಬಗ್ಗಿಸಬೇಕೆಂದು ಬಾಗಿಲೇ ಹೇಳುತ್ತದೆ.

ಗ್ರಾಮೀಣರ ಪಿಂಚಣಿಗೆ ಮೊದಲು ಮಿತಿ 12,000 ಇತ್ತು. ಆಗ ಹಳ್ಳಿಹಳ್ಳಿಯಲ್ಲಿ ಮುದುಕರ ವರಮಾನ 11,000 ಇರುತ್ತಿತ್ತು. ಮಿತಿ 32,000ಕ್ಕೆ ಏರಿತು, ವರಮಾನವೂ 30,000ಕ್ಕೆ ಜಿಗಿಯಿತು. ಒಂದೇ ಆದೇಶದಿಂದ ವೃದ್ಧರ ಗಳಿಕೆ ಎರಡೂವರೆ ಪಟ್ಟಿಗಿಂತ ಹೆಚ್ಚಾದ ಇಂಥ ಪವಾಡವನ್ನು ಅರ್ಥಶಾಸ್ತ್ರಜ್ಞರು ಯಾಕೆ ಕಡೆಗಣಿಸಿದರೋ ತಿಳಿಯದು. 31,999 ಎಂದು ಮಾತ್ರ ಯಾರೂ ಬರೆಸುವುದಿಲ್ಲ. ಮಿತಿಗೂ ಆದಾಯಕ್ಕೂ ನಡುವೆ ಉಳಿಯುವ ಆ ಎರಡು ಸಾವಿರವನ್ನು ಶಾಸ್ತ್ರದಲ್ಲಿ ‘ಸಂಕೋಚ’ ಎನ್ನುತ್ತಾರೆ.

ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ಆದಾಯವನ್ನು ಅಳೆಯಬಹುದಲ್ಲ? ಅಳೆಯೋಣ. 2025-26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. 86 ದಿನ ಬುಟ್ಟಿ ಹೊತ್ತವಳ ಕೈಗೆ 31,820 ಬಂತು, ಆಕೆ ಬಡವಿ. 87ನೆಯ ದಿನ ಸಂಜೆಗೆ 32,190 ಆಯಿತು, ಮಿತಿ ದಾಟಿದಳು. ಸರ್ಕಾರವೇ ಆ ವರ್ಷ ಕೊಡುತ್ತಿದ್ದ 100 ದಿನದ ಕೆಲಸ ಪೂರ್ತಿ ಮಾಡಿದರೆ ಸರ್ಕಾರವೇ ಕೊಡುವ 1,200 ರೂಪಾಯಿ ಪಿಂಚಣಿಗೆ ಲೆಕ್ಕದ ಪ್ರಕಾರ ಎರವು. ಲೆಕ್ಕ ಮಾಡದಿರುವುದೇ ಕರುಣೆ ಎಂದು ಇದರಿಂದ ಸಿದ್ಧವಾಯಿತು.

ಇನ್ನು ಹೊಲ. ಮೂರು ಹೆಕ್ಟೇರ್, ಅಂದರೆ ಸುಮಾರು ಏಳೂವರೆ ಎಕರೆ ಒಣಭೂಮಿ ಮೀರಿದರೆ ಬಿಪಿಎಲ್ ಇಲ್ಲ. ಎಲ್ಲರೂ ಪಹಣಿ ತೆಗೆಸಿ ನೋಡುತ್ತಾರೆ. ಅದರಲ್ಲಿ ಅಜ್ಜನ ಹೆಸರಿದೆ. ಅಜ್ಜ ತೀರಿ ಇಪ್ಪತ್ತು ವರ್ಷವಾದರೂ ಪೌತಿ ಖಾತೆ ಆಗಿಲ್ಲ. ಹೀಗಾಗಿ ಹೊಲವೆಲ್ಲ ಸತ್ತವರದ್ದು, ಹಸಿವೆಲ್ಲ ಬದುಕಿದ್ದವರದ್ದು. ಹುಟ್ಟಿನಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕೆಂದು ವಿಜ್ಞಾನೇಶ್ವರ ಹೇಳಿದ್ದು ನಿಜ. ಆದರೆ ಅವನಿಗೆ ರೇಷನ್ ಕಾರ್ಡ್ ಬೇಕಿರಲಿಲ್ಲ. ಒಂದೇ ಒಲೆಯ ಮೇಲೆ ರೊಟ್ಟಿ ಬೇಯುವ ಮನೆಯಲ್ಲಿ ಮೂರು ಕಾರ್ಡ್ ಇರುವುದನ್ನು ಕಂಡಿದ್ದರೆ ದಾಯವಿಭಾಗದ ಪ್ರಕರಣವನ್ನು ಅವನು ತಿದ್ದಿ ಬರೆಯುತ್ತಿದ್ದ.

ತಾಲ್ಲೂಕುಭೇದ ಸಣ್ಣದು. ಆಳಂದದಿಂದ ಗುಳೆ ಹೋದವನ ಪುಣೆ, ಸೋಲಾಪುರದ ಕೂಲಿ ಗಡಿಯಾಚೆಗೇ ಉಳಿಯುವುದರಿಂದ ಅದು ಅಗೋಚರ. ಅಫಜಲಪುರದ ಕಬ್ಬಿನ ಬಿಲ್ಲು ಬಂದಾಗಷ್ಟೇ ಗೋಚರ. ಜೇವರ್ಗಿಯ ತೊಗರಿ, ಹತ್ತಿಯದ್ದು ಗೋಚರಾಗೋಚರ. 2025ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿದಾಗ ದಂಡೆಯ ಹೊಲಗಳು ಆದಾಯವನ್ನಷ್ಟೇ ಅಲ್ಲ, ಮೇಲ್ಮಣ್ಣನ್ನೂ ಕಳಕೊಂಡವು. ತಗ್ಗಿದ ಆದಾಯ ಬರೆಯಲು ಅರ್ಜಿಯಲ್ಲಿ ಕಾಲಂ ಇರಲಿಲ್ಲ.

ಈ ಶಾಸ್ತ್ರದ ಪ್ರಯೋಗವನ್ನು ನಾನು ಒಂದು ನಾಡಕಚೇರಿಯ ಕಿಟಕಿಯಲ್ಲಿ ಕಂಡೆ. ಊರು ಈ ಮೂರರಲ್ಲೊಂದು ಎಂದುಕೊಳ್ಳಿ. ಸೆರಗಿನ ಗಂಟಿನಲ್ಲಿ ಆಧಾರ್ ಕಾರ್ಡ್ ಕಟ್ಟಿಕೊಂಡು ಬಂದ ಮುದುಕಿ, ಕಂಪ್ಯೂಟರಿನ ಹಿಂದೊಬ್ಬ ಹುಡುಗ.

“ಆಯಿ, ವರ್ಷಕ್ಕ ಗಳಿಕಿ ಎಷ್ಟ್ ಅದ?”

“ಎಷ್ಟಂತ ಹೇಳ್ಲೆಪ್ಪಾ? ಮಳಿ ಬಂದ್ರ ತೊಗರಿ ಅದ, ಹೆಚ್ಚು ಬಂದ್ರ ಇಲ್ಲ. ನೆಟಿ ರೋಗ ಬಿದ್ರ ಮೊದಲೇ ಇಲ್ಲ.”

“ಹಂಗಂದ್ರ ಹ್ಯಾಂಗ? ಒಂದ್ ನಂಬರ್ ಹೇಳ್ಬೇಕು.”

“ಎಷ್ಟ್ ಬರದ್ರ ರೊಕ್ಕ ಬರ್ತದ, ಅಷ್ಟ್ ಬರಿಯಪ್ಪ. ನಿನಗ ಗೊತ್ತಿರ್ತದ.”

ಹುಡುಗ ನಗಲಿಲ್ಲ. ಅವನಿಗೆ ಇದು ದಿನಕ್ಕೆ ನಲವತ್ತು ಸಲ ಕೇಳುವ ಉತ್ತರ. ಆಮೇಲೆ ಗ್ರಾಮ ಆಡಳಿತಾಧಿಕಾರಿ ವರದಿ ಬರೆಯುತ್ತಾರೆ. ಹಳ್ಳಿಯವರು ಅವರನ್ನು ಇವತ್ತಿಗೂ ತಲಾಟಿ ಎಂದೇ ಕರೆಯುವುದು. ಮುದುಕಿಯ ತಗಡಿನ ಮನೆ ಅವರು ಕಂಡಿದ್ದೇ. ಸುಳ್ಳು ಅಂಕಿಗೆ ಅವರು ಹಾಕುವ ಸಹಿ ಆಕೆಯ ನಿಜವಾದ ಬಡತನಕ್ಕೇ ಬೀಳುತ್ತದೆ. ಈ ಇಡೀ ಶಾಸ್ತ್ರದಲ್ಲಿ ನನಗೆ ಒಪ್ಪಿಗೆಯಾದ ಪ್ರಮಾಣ ಇದೊಂದೇ. ಕಾರು ಇಟ್ಟುಕೊಂಡು ಇದೇ ಕಿಟಕಿಗೆ ಬರುವವನೂ ಅದೇ ಅಂಕಿ ಬರೆಸುತ್ತಾನೆ. 2024ರ ನವೆಂಬರಿನಲ್ಲಿ ಅಂಥವರನ್ನು ಹೆಕ್ಕಲು ಹೋದ ಸರ್ಕಾರ ಬಡವರ ಬಿಪಿಎಲ್ ಕಾರ್ಡುಗಳನ್ನೂ ರದ್ದು ಮಾಡಿ, ಗದ್ದಲವಾದ ಮೇಲೆ ವಾಪಸು ಕೊಡಬೇಕಾಯಿತು. ಅಂಕಿ ಒಂದೇ ಇದ್ದಾಗ ಜರಡಿ ಹಿಡಿದು ಮಾಡುವುದೇನು?

ಮುದುಕಿಯ ಪ್ರಮಾಣಪತ್ರದಲ್ಲಿ 30,000 ಎಂದು ಅಚ್ಚಾಗಿದೆ. ಅದರ ಅವಧಿ 5 ವರ್ಷ. ತೊಗರಿ ಬಂದರೂ ಹೋದರೂ ಅಲ್ಲಿಯವರೆಗೆ ಆಕೆಯ ಆದಾಯ ಅಷ್ಟೇ.